ಟ್ರಾ ಕ್ವೆಯ ಮನೆಯೊಂದರ ಅಡುಗೆ ತರಗತಿ: ಆರು ತಿಂಗಳ ನಂತರದ ವಿಮರ್ಶೆ

ಕಳೆದ ಫಾಲ್ಗುಣ ಹುಣ್ಣಿಮೆಯಂದು ಮಧ್ಯ ವಿಯೆಟ್ನಾಂನ ಹೋಯ್ ಆನ್ ಪಟ್ಟಣದ ಪಕ್ಕದಲ್ಲಿರುವ ಟ್ರಾ ಕ್ವೆ ಎಂಬ ಹಳ್ಳಿಯಲ್ಲಿ, ಒಂದು ಮನೆಯವರೇ ನಡೆಸುವ ಅರ್ಧ ದಿನದ ಅಡುಗೆ ತರಗತಿಗೆ ನಾನೂ ನನ್ನ ಗೆಳತಿಯೂ ಹೋಗಿದ್ದೆವು. ಊರಿಗೆ ಬಂದ ವಾರವೇ ಇದನ್ನು ಬರೆಯಬಹುದಿತ್ತು. ಆದರೆ ಬೇರೊಬ್ಬರ ತೋಟದ ಸೊಪ್ಪು, ಬೇರೊಬ್ಬರು ಹೆಚ್ಚಿಟ್ಟ ತರಕಾರಿ, ಬೇರೊಬ್ಬರು ಹದಮಾಡಿಟ್ಟ ಹಿಟ್ಟು ಕೈಗೆ ಬಂದಾಗ ಯಾರು ಮಾಡಿದರೂ ಅಡುಗೆ ಚೆನ್ನಾಗಿಯೇ ಬರುತ್ತದೆ. ಕಲಿಸಿದ್ದು ಕೈಗೆ ಹತ್ತಿದೆಯೇ ಇಲ್ಲವೇ ಎಂಬುದು ತೀರ್ಥಹಳ್ಳಿಯ ನಮ್ಮ ಅಡುಗೆಮನೆಯಲ್ಲಿ, ನಮ್ಮ ಅಕ್ಕಿ, ನಮ್ಮ ಕಾವಲಿ, ನಮ್ಮ ಹಿತ್ತಲಿನ ಸೊಪ್ಪುಗಳ ನಡುವೆ ಗೊತ್ತಾಗಬೇಕಾದ ವಿಷಯ. ಅದಕ್ಕಾಗಿ ಭಾದ್ರಪದದವರೆಗೆ ಕಾದು, ಕಲಿತ ಪ್ರತಿಯೊಂದನ್ನೂ ಮನೆಯಲ್ಲಿ ನಾಲ್ಕಾರು ಬಾರಿ ಮಾಡಿ, ಈಗ ಬರೆಯುತ್ತಿದ್ದೇನೆ. ನಾನು ಸಸ್ಯಾಹಾರಿ, ಗೆಳತಿ ಕುಂದಾಪುರದ ಕಡೆಯವಳು, ಮೀನಿಲ್ಲದೆ ಊಟ ಸೇರದವಳು. ಹೀಗಾಗಿ ಒಂದೇ ತರಗತಿಯನ್ನು ನಾವಿಬ್ಬರೂ ಎರಡು ಬಗೆಯಲ್ಲಿ ಪರೀಕ್ಷಿಸಿದಂತಾಯಿತು.

ಟ್ರಾ ಕ್ವೆ ಹೋಯ್ ಆನ್‌ನ ಹಳೆಯ ಪೇಟೆಯಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿದೆ, ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ. ಊರಿಗೆ ಊರೇ ಸೊಪ್ಪು ಬೆಳೆಯುತ್ತದೆ. ಪಕ್ಕದ ಹೊಳೆಯಿಂದ ಎಳೆದು ತಂದ ನೀರುಪಾಚಿಯನ್ನು ಮಣ್ಣಿನಲ್ಲಿ ಹೂತು ಗೊಬ್ಬರ ಮಾಡುವುದು, ಹೆಗಲ ಅಡ್ಡೆಯ ಎರಡು ತುದಿಗೂ ಝಾರಿ ಕಟ್ಟಿಕೊಂಡು ಎರಡು ಸಾಲಿಗೆ ಒಟ್ಟಿಗೇ ನೀರು ಹಾಯಿಸುವುದು ಇಲ್ಲಿನ ಹಳೆಯ ಕ್ರಮ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ 2024ರಲ್ಲಿ ಇದನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿನವರ ಓಡಾಟ ಇನ್ನಷ್ಟು ಹೆಚ್ಚಿದೆಯೆಂದು ಅಲ್ಲಿನವರು ಹೇಳಿದರು. ನಾವು ಹೋದ ಮನೆಗೆ ಫಲಕವಿಲ್ಲ, ಹೆಸರೂ ಇಲ್ಲ. ಉಳಿದುಕೊಂಡಿದ್ದ ಹೋಂಸ್ಟೇಯವರು ಮಾತಾಡಿ ಗೊತ್ತುಮಾಡಿಕೊಟ್ಟರು. ತಲೆಗೆ 8 ಲಕ್ಷ ಡಾಂಗ್, ಅಂದರೆ ನಮ್ಮ ರೂಪಾಯಿಯಲ್ಲಿ ಸುಮಾರು 2,700. ಬೆಳಿಗ್ಗೆ ಎಂಟಕ್ಕೆ ಹೋಯ್ ಆನ್ ಮಾರುಕಟ್ಟೆಯಲ್ಲಿ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಊಟದೊಂದಿಗೆ ಮುಗಿಯಿತು. ಕಲಿಯುವವರು ಆರು ಜನ, ಕಲಿಸುವವರು ಅರುವತ್ತರ ಆಸುಪಾಸಿನ ಒಬ್ಬ ತಾಯಿ, ನೆರವಿಗೆ ಅವರ ಸೊಸೆ. ತಮ್ಮನ್ನು ‘ಕೋ’ ಎಂದು ಕರೆಯಿರಿ ಎಂದರು. ಆ ಭಾಷೆಯಲ್ಲಿ ಕೋ ಎಂದರೆ ತಂದೆಯ ತಂಗಿ, ಪಾಠ ಹೇಳುವ ಹೆಂಗಸಿಗೂ ಅದೇ ಮಾತು. ಅಪರಿಚಿತರನ್ನೂ ಅಕ್ಕ, ಅಣ್ಣ, ಅತ್ತೆ ಎಂದೇ ಮಾತಾಡಿಸುವ ನಮಗೆ ಅದು ಹೊಸದೆನ್ನಿಸಲಿಲ್ಲ.

ಮಾರುಕಟ್ಟೆಯ ಸುತ್ತಾಟಕ್ಕಿಂತ ತೋಟದಲ್ಲಿ ಕಳೆದ ಮುಕ್ಕಾಲು ಗಂಟೆ ಹೆಚ್ಚು ಬೆಲೆಬಾಳುವಂಥದ್ದು. ಕೋ ಒಂದೊಂದೇ ಎಲೆಯನ್ನು ಕಿತ್ತು, ಬೆರಳಿನಲ್ಲಿ ಉಜ್ಜಿ, ಮೊದಲು ಮೂಸಲು, ಆಮೇಲೆ ಜಗಿಯಲು ಕೊಟ್ಟರು. ಹೆಸರು ಹೇಳುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಒಂದು ಪಾತಿಯ ಅಂಚಿನಲ್ಲಿ ದುಂಡನೆಯ ಎಲೆ ನೆಲಕ್ಕಂಟಿ ಹಬ್ಬಿದ್ದನ್ನು ನೋಡಿದ ಕೂಡಲೇ ನಾನು ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ, ಏಕೆಂದರೆ ಅದು ಒಂದೆಲಗ. ಅವರು ಅದನ್ನು ‘ರಾವ್ ಮಾ’ ಎನ್ನುತ್ತಾರೆ, ರುಬ್ಬಿ ಸಕ್ಕರೆ ಬೆರೆಸಿ ತಂಪು ಪಾನಕ ಮಾಡಿ ಕುಡಿಯುತ್ತಾರೆ. ನಮ್ಮಲ್ಲಿ ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತೇವೆಂದು ಕೈಸನ್ನೆಯಲ್ಲೂ ಮುರುಕು ಇಂಗ್ಲಿಷಿನಲ್ಲೂ ಹೇಳಿದಾಗ ಕೋ ತಲೆಯಾಡಿಸಿ, ಎರಡೂ ಕೈಗಳಿಂದ ಹಣೆ ಮುಟ್ಟಿಕೊಂಡು, ತಲೆಗೆ ತಂಪು ಎಂಬುದನ್ನು ಅವರಾಗಿಯೇ ತೋರಿಸಿದರು. ಕಾಮಕಸ್ತೂರಿಯ ಹತ್ತಿರದ ಬಂಧುವಾದ ಒಂದು ತುಳಸಿ, ಒಂದು ಕಡೆ ಹಸಿರು ಇನ್ನೊಂದು ಕಡೆ ನೇರಳೆ ಬಣ್ಣವಿರುವ ‘ತಿಯಾ ತೊ’, ನಾಲಿಗೆಗೆ ಮೆಣಸಿನಂತೆ ಚುರುಕು ಮುಟ್ಟಿಸುವ ‘ರಾವ್ ರಾಮ್’, ಪುದೀನ, ಗರಗಸದಂಥ ಅಂಚಿನ ಉದ್ದೆಲೆಯ ಕೊತ್ತಂಬರಿ ಇವೆಲ್ಲ ಅಲ್ಲಿದ್ದವು. ಇವನ್ನು ಅವರು ಊಟದ ಮೇಲೆ ಉದುರಿಸುವ ಅಲಂಕಾರವಾಗಿ ಬಳಸುವುದಿಲ್ಲ, ತರಕಾರಿಯಷ್ಟೇ ಪ್ರಮಾಣದಲ್ಲಿ, ಹಸಿಯಾಗಿ, ಬುಟ್ಟಿಗಟ್ಟಲೆ ತಿನ್ನುತ್ತಾರೆ. ಮನೆಯಲ್ಲಿ ಈ ಅಡುಗೆ ಮಾಡಹೊರಟವರು ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ಈ ಪ್ರಮಾಣವನ್ನೇ. ಹಪ್ಪಳದಂಥ ತೆಳ್ಳನೆಯ ಅಕ್ಕಿ ಹಾಳೆಯಲ್ಲಿ ನಾಲ್ಕು ಎಲೆ ಪುದೀನ ಇಟ್ಟು ಸುತ್ತಿದರೆ ಅದು ಅಲ್ಲಿನ ಸೊಪ್ಪಿನ ಸುರುಳಿಯಾಗುವುದಿಲ್ಲ. ತಿಯಾ ತೊ, ರಾವ್ ರಾಮ್ ನಮ್ಮಲ್ಲಿ ಸಿಗಲಿಲ್ಲ. ಕಾಮಕಸ್ತೂರಿ, ಪುದೀನ, ಕೊತ್ತಂಬರಿ, ಎಳೆಯ ಒಂದೆಲಗ ಇಷ್ಟನ್ನು ಧಾರಾಳವಾಗಿ ಹಾಕಿದಾಗ ಮಾತ್ರ ಮನೆಯ ತಟ್ಟೆಗೆ ಆ ತೋಟದ ಕಳೆ ಬಂತು.

ಇನ್ನು ಸಸ್ಯಾಹಾರದ ಪ್ರಶ್ನೆ. ವಿಯೆಟ್ನಾಂ ಅಡುಗೆಯ ಬೆನ್ನೆಲುಬು ‘ನುವಕ್ ಮಾಮ್’ ಎಂಬ ಮೀನಿನ ರಸ. ಆಂಚೊವಿ ಎಂಬ ಬೆರಳುದ್ದದ ಸಮುದ್ರ ಮೀನನ್ನು ಉಪ್ಪಿನೊಂದಿಗೆ ದೊಡ್ಡ ಮರದ ಪೀಪಾಯಿಗಳಲ್ಲಿ ವರ್ಷದಷ್ಟು ಕಾಲ ಕೊಳೆಯಿಸಿ ಬಸಿದುಕೊಳ್ಳುವ ಕಂದುಬಣ್ಣದ ದ್ರವ ಅದು. ಫು ಕ್ವಾಕ್ ದ್ವೀಪದ ರಸಕ್ಕೆ 2012ರಲ್ಲಿ ಐರೋಪ್ಯ ಒಕ್ಕೂಟ ಮೂಲಸ್ಥಳದ ಮಾನ್ಯತೆ ನೀಡಿದೆ. ಶೀಶೆಯ ಮೇಲೆ 30, 40 ಎಂದು ಬರೆದಿರುವುದು ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಸಾರಜನಕವಿದೆ ಎಂಬುದನ್ನು ಹೇಳುತ್ತದೆ, ಅಂಕಿ ಹೆಚ್ಚಿದಷ್ಟೂ ರಸ ಗಟ್ಟಿ. ಸಾರಿಗೆ, ಸಲಾಡಿಗೆ, ಅದ್ದಿಕೊಳ್ಳುವ ನೀರಿಗೆ ಎಲ್ಲದಕ್ಕೂ ಇದು ಬೇಕು. ಹೀಗಿರುವಾಗ ಸಸ್ಯಾಹಾರಿಯೊಬ್ಬರು ಅಲ್ಲಿ ಹೋಗಿ ಕಲಿಯುವುದೇನು ಎಂದು ಹೊರಡುವ ಮುನ್ನ ನನ್ನನ್ನು ಹಲವರು ಕೇಳಿದ್ದರು. ನನಗೆ ಉತ್ತರ ಕೊಟ್ಟದ್ದು ಹುಣ್ಣಿಮೆ. ಅಲ್ಲಿನ ಬೌದ್ಧ ಮನೆತನಗಳಲ್ಲಿ ಚಾಂದ್ರಮಾನದ ಮೊದಲನೆಯ ಮತ್ತು ಹದಿನೈದನೆಯ ದಿನ, ಎಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಮಾವಾಸ್ಯೆ ಹುಣ್ಣಿಮೆಗಳಂದು, ಬಹಳ ಮಂದಿ ಮೀನು ಮಾಂಸ ಮುಟ್ಟುವುದಿಲ್ಲ. ಆ ಊಟಕ್ಕೆ ‘ಚಾಯ್’ ಎಂದು ಹೆಸರು. ನಾವು ಹೋದ ದಿನ ಕೋ ಅವರಿಗೂ ಚಾಯ್ ದಿನವಾಗಿತ್ತು. ನನಗಾಗಿ ಮೀನಿನ ರಸ ಬಿಟ್ಟು ಸಪ್ಪೆಯಾದದ್ದೇನನ್ನೋ ಅವರು ಮಾಡಿಕೊಡಲಿಲ್ಲ, ತಮ್ಮ ಮನೆಯಲ್ಲಿ ಆ ದಿನ ತಾವೇ ಉಣ್ಣುವುದನ್ನು ನನಗೆ ಕಲಿಸಿದರು. ಈ ತರಗತಿಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತೇ ಇದು: ಇಲ್ಲಿ ಸಸ್ಯಾಹಾರ ಎಂದರೆ ತಟ್ಟೆಯಿಂದ ಏನನ್ನೋ ತೆಗೆದುಹಾಕಿದ ಅಡುಗೆಯಲ್ಲ, ಅದಕ್ಕೇ ಬೇರೆ ಸಾಮಗ್ರಿ, ಬೇರೆ ಕ್ರಮ, ಬೇರೆ ರುಚಿಯ ಲೆಕ್ಕವಿರುವ ಪೂರ್ಣ ಅಡುಗೆ.

ಹಾಗಿದ್ದೂ ಒಂದು ತಪ್ಪು ನಡೆಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲರಿಗೂ ಒಟ್ಟಿಗೆ ಬಾಳೆಹೂವಿನ ಸಲಾಡ್ ಕಲಸುವಾಗ ಸೊಸೆ ಅಭ್ಯಾಸಬಲದಿಂದ ನನ್ನ ಬಟ್ಟಲಿಗೂ ಮೀನಿನ ರಸ ಸುರಿಯಲು ಶೀಶೆ ಬಗ್ಗಿಸಿದರು. ಗೆಳತಿ ಕೈ ಅಡ್ಡ ಹಿಡಿದದ್ದರಿಂದ ತಪ್ಪಿತು. ಅವರು ನೊಂದುಕೊಂಡು ಬಟ್ಟಲು, ಚಮಚ ಎರಡನ್ನೂ ಬದಲಿಸಿದರು. ಬೇಕೆಂದು ಮಾಡಿದ ತಪ್ಪಲ್ಲ ಅದು. ಆದರೆ ಎರಡೂ ಬಗೆಯ ದ್ರವ ಒಂದೇ ಅಳತೆಯ, ಒಂದೇ ಬಣ್ಣದ ಶೀಶೆಗಳಲ್ಲಿ ಪಕ್ಕಪಕ್ಕದಲ್ಲಿರುವುದು ಸಸ್ಯಾಹಾರಿಗಳನ್ನು ಕರೆಸುವ ತರಗತಿಗೆ ಒಪ್ಪುವ ವ್ಯವಸ್ಥೆಯಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಮ್ಮ ಪಾತ್ರೆಗಳನ್ನು ಬೇರೆ ಮೇಜಿನಲ್ಲೇ ಇಡಿಸಿಕೊಳ್ಳುವುದು ಒಳ್ಳೆಯದು.

ಅದ್ದಿಕೊಳ್ಳುವ ನೀರಿನ, ಅಂದರೆ ‘ನುವಕ್ ಚಮ್’ನ ಪಾಠ ಬಹಳ ಚೆನ್ನಾಗಿತ್ತು. ನಾಲ್ಕು ಪಾಲು ಬೆಚ್ಚನೆಯ ನೀರಿನಲ್ಲಿ ಒಂದು ಪಾಲು ಸಕ್ಕರೆ ಪೂರ್ತಿ ಕರಗಬೇಕು, ಆಮೇಲೆ ಒಂದು ಪಾಲು ನಿಂಬೆರಸ, ಒಂದು ಪಾಲು ಮೀನಿನ ರಸ ಅಥವಾ ಅದರ ಸಸ್ಯಾಹಾರಿ ಬದಲಿ, ಎಲ್ಲಕ್ಕಿಂತ ಕೊನೆಗೆ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನಕಾಯಿ. ಕೊನೆಗೇ ಏಕೆ ಎಂದು ಕೇಳಿದಾಗ ಕೋ ಎರಡು ಬಟ್ಟಲಲ್ಲಿ ಮಾಡಿ ತೋರಿಸಿದರು. ಮೊದಲೇ ಹಾಕಿದ ಬಟ್ಟಲಲ್ಲಿ ಬೆಳ್ಳುಳ್ಳಿ ತಳ ಸೇರಿತ್ತು, ಕೊನೆಗೆ ಹಾಕಿದ್ದರಲ್ಲಿ ಬಿಳಿ ಕೆಂಪು ಚೂರುಗಳೆಲ್ಲ ಮೇಲೆ ತೇಲುತ್ತಿದ್ದವು. ತೇಲಿದರೆ ಪ್ರತಿ ಅದ್ದಿಗೂ ಒಂದೆರಡು ಚೂರು ಹತ್ತಿಕೊಂಡು ಬರುತ್ತದೆ, ತಳದಲ್ಲಿದ್ದರೆ ಬರುವುದಿಲ್ಲ. ಅಷ್ಟೇ ಕಾರಣ. ಇಂಥ ಸಣ್ಣ ವಿಷಯ ಯಾವ ಪಾಕವಿಧಾನದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೀನಿನ ರಸದ ಬದಲಿಗೆ ಅವರು ಕಲಿಸಿದ್ದು ಅನಾನಸಿನದು. ಹಣ್ಣನ್ನು ಹೆಚ್ಚಿ ನೀರು, ಸಮುದ್ರದ ಉಪ್ಪು, ಚೂರು ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಹಿಂಡದೆ ಸೋಸಬೇಕು. ಬನವಾಸಿಯ ಅನಾನಸ್ ತರಿಸಿ ಮನೆಯಲ್ಲಿ ಮಾಡಿದಾಗ ಮೊದಲ ಸಲ ಅದು ಗೊಜ್ಜಿನ ಹದಕ್ಕೆ ಹೋಯಿತು, ಏಕೆಂದರೆ ಹಿಂಗುವವರೆಗೆ ಕುದಿಸುವುದು, ಸಿಕ್ಕಿದ್ದನ್ನೆಲ್ಲ ಹಿಂಡಿ ತೆಗೆಯುವುದು ನನ್ನ ಕೈಯ ಅಭ್ಯಾಸ. ಎರಡನೆಯ ಬಾರಿ ಹಿಂಡದೆ ಬಸಿದಾಗ ಜೇನಿನ ಬಣ್ಣದ ತಿಳಿಯಾದ ರಸ ಸಿಕ್ಕಿತು. ಗೆಳತಿ ಎರಡನ್ನೂ ಪಕ್ಕದಲ್ಲಿಟ್ಟು ರುಚಿ ನೋಡಿ ಹೇಳಿದ ಮಾತು ಸರಿಯಾಗಿದೆ: ಮೀನಿನ ರಸದಲ್ಲಿ ಉಪ್ಪು ಇಳಿದ ಮೇಲೂ ಇನ್ನೊಂದು ರುಚಿ ಬಾಯಲ್ಲಿ ನಿಲ್ಲುತ್ತದೆ, ಅನಾನಸಿನದು ಚೆನ್ನಾಗಿ ಶುರುವಾಗಿ ಬೇಗ ಮುಗಿದುಹೋಗುತ್ತದೆ. ಒಣ ಅಣಬೆ ನೆನೆಸಿದ ನೀರು ಎರಡು ಚಮಚ, ಸೋಯಾ ಸಾಸ್ ಅರ್ಧ ಚಮಚ ಬೆರೆಸಿದ ಮೇಲೆ ಆ ಕೊರತೆ ಬಹುಮಟ್ಟಿಗೆ ತುಂಬಿತು. ಇದು ತರಗತಿಯಲ್ಲಿ ಹೇಳಿದ್ದಲ್ಲ, ಮನೆಯಲ್ಲಿ ಮಾಡಿ ಮಾಡಿ ಕಂಡುಕೊಂಡದ್ದು.

ಬಾಳೆಹೂವಿನ ಸಲಾಡಿನಲ್ಲಿ ನನಗೆ ಬಹಳ ಆಶ್ಚರ್ಯವಾದದ್ದು ಅವರು ಬಳಸುವ ಭಾಗ. ನಾವು ಪದರ ಬಿಡಿಸುತ್ತ ಒಳಗಿನ ಹೂಗಳನ್ನು ಜೋಪಾನವಾಗಿ ಆಯ್ದು, ಪದರಗಳನ್ನು ದನಕ್ಕೆ ಹಾಕುತ್ತೇವೆ. ಕೋ ಹೂಗಳನ್ನು ತೆಗೆದುಹಾಕಿ, ಒಳಗಿನ ಮಾಸಲು ಬಿಳಿ ಪದರಗಳನ್ನು ಒಂದರ ಮೇಲೊಂದು ಸುರುಳಿ ಸುತ್ತಿ, ಶಾವಿಗೆಯಷ್ಟು ತೆಳ್ಳಗೆ ಹೆಚ್ಚಿ, ಕೂಡಲೇ ನಿಂಬೆ ಹಿಂಡಿದ ಉಪ್ಪುನೀರಿಗೆ ಹಾಕಿದರು. ನಾವು ಮಜ್ಜಿಗೆ ನೀರಿಗೆ ಹಾಕುವುದೂ ಕಪ್ಪಾಗದಿರಲಿ, ಒಗರು ಹೋಗಲಿ ಎಂದೇ. ಆಮೇಲೆ ಹಿಂಡಿ, ಹುರಿದು ಕುಟ್ಟಿದ ಶೇಂಗಾ, ಕ್ಯಾರೆಟ್, ಸೊಪ್ಪು ಬೆರೆಸಿ, ಬಡಿಸುವ ಗಳಿಗೆಯಲ್ಲಿ ಅದ್ದುನೀರು ಸುರಿದು ಕಲಸುವುದು. ನಮ್ಮ ಕೋಸಂಬರಿ ತಿಳಿದವರಿಗೆ ಇದು ಒಂದೇ ದಿನದಲ್ಲಿ ಒಲಿಯುತ್ತದೆ. ಈಗ ನಮ್ಮ ಮನೆಯಲ್ಲಿ ಒಂದು ಬಾಳೆಹೂವಿನಲ್ಲಿ ಎರಡು ಅಡುಗೆಯಾಗುತ್ತದೆ, ಹೂಗಳಿಂದ ಪಲ್ಯ, ಪದರದಿಂದ ಈ ಸಲಾಡ್.

‘ಬಾನ್ ಸೆಯೊ’ ಎಂಬ ಗರಿಗರಿಯಾದ ಅಕ್ಕಿ ದೋಸೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೆಯೊ ಎನ್ನುವುದು ಬಿಸಿ ಕಾವಲಿಗೆ ಹಿಟ್ಟು ಬಿದ್ದಾಗ ಏಳುವ ಸದ್ದು, ನಾವು ಚುಂಯ್ ಎನ್ನುವುದನ್ನೇ ಅವರು ತಿನಿಸಿನ ಹೆಸರಾಗಿ ಇಟ್ಟುಕೊಂಡಿದ್ದಾರೆ. ನೆನೆಸಿ ರುಬ್ಬಿದ ಅಕ್ಕಿ, ಅರಿಸಿನ, ನೀರು, ಹೆಚ್ಚಿದ ಈರುಳ್ಳಿ ಸೊಪ್ಪು ಇಷ್ಟೇ ಹಿಟ್ಟು. ಉದ್ದು ಇಲ್ಲ, ಹುಳಿ ಬರಿಸುವುದಿಲ್ಲ. ದಕ್ಷಿಣದ ಕಡೆ ತೆಂಗಿನ ಹಾಲು ಸೇರಿಸಿ ತಟ್ಟೆಯಗಲ ಮಾಡುತ್ತಾರೆ, ಮಧ್ಯ ಭಾಗದಲ್ಲಿ ಅಂಗೈಯಗಲ ಮಾತ್ರ. ನೀರುದೋಸೆ ಹುಯ್ಯುವವಳಿಗೆ ಇದರಲ್ಲಿ ಕಲಿಯುವುದೇನಿದೆ ಎಂದು ನಾನು ಅಂದುಕೊಂಡದ್ದು ಪೂರ್ತಿ ತಪ್ಪಾಗಿತ್ತು. ನೀರುದೋಸೆ ಹಬೆಯಲ್ಲಿ ಬೇಯುವ, ಮೆತ್ತಗಿರಬೇಕಾದ ದೋಸೆ. ಇದು ಎಣ್ಣೆಯಲ್ಲಿ ಗರಿಯಾಗಬೇಕಾದದ್ದು. ಮನೆಯಲ್ಲಿ ಮೊದಲ ಮೂರು ಸಲ ನೀರುದೋಸೆಯ ಹಿಟ್ಟಿಗೇ ಅರಿಸಿನ ಹಾಕಿ ಹುಯ್ದೆ, ಮೂರು ಸಲವೂ ಹಳದಿ ಬಣ್ಣದ ನೀರುದೋಸೆಯೇ ಆಯಿತು. ನಾಲ್ಕನೆಯ ಬಾರಿ ಕೋ ಮಾಡಿದ್ದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡದ್ದನ್ನು ನೋಡಿದಾಗ ವ್ಯತ್ಯಾಸ ತಿಳಿಯಿತು: ಅವರು ಮುಚ್ಚಳ ಇಡುವುದು ಒಂದು ನಿಮಿಷ ಮಾತ್ರ, ಒಳಗಿನ ಮೊಳಕೆ ಬಾಡುವಷ್ಟು, ಆಮೇಲೆ ಮುಚ್ಚಳ ತೆಗೆದು, ಅಂಚಿನಲ್ಲಿ ಎಣ್ಣೆ ಬಿಟ್ಟು, ಉರಿ ತಗ್ಗಿಸಿ, ಅಂಚು ತಾನಾಗಿಯೇ ಕಾವಲಿ ಬಿಟ್ಟು ಮೇಲೇಳುವವರೆಗೆ ಮೂರು ನಾಲ್ಕು ನಿಮಿಷ ಮುಟ್ಟದೆ ಬಿಡುತ್ತಾರೆ. ಆ ಕಾಯುವಿಕೆಯೇ ಗರಿ. ಹಿಟ್ಟು ನೀರುದೋಸೆಗಿಂತ ತುಸು ದಪ್ಪವಿರಬೇಕು, ರುಬ್ಬಿದ ಮೇಲೆ ಅರ್ಧ ಗಂಟೆ ಸುಮ್ಮನಿಟ್ಟರೆ ದೋಸೆ ಕಾವಲಿಯಲ್ಲಿ ಹರಿದುಹೋಗುವುದಿಲ್ಲ. ಒಳಗೆ ಗೆಳತಿ ಸಿಗಡಿ ಇಟ್ಟಳು, ನಾನು ಅಣಬೆ, ಹೆಸರುಕಾಳಿನ ಮೊಳಕೆ, ಬೇಯಿಸಿದ ಹೆಸರುಬೇಳೆ. ಮಡಚಿದ ಮೇಲೆ ತುಂಡು ಮಾಡಿ, ಸೊಪ್ಪುಗಳೊಂದಿಗೆ ಅಕ್ಕಿ ಹಾಳೆಯಲ್ಲಿ ಸುತ್ತಿ, ಅದ್ದಿಕೊಂಡು ತಿನ್ನುವುದು. ನಮ್ಮ ಅತ್ತೆಯವರು ಮೊದಲ ದಿನ ಹಸಿ ಸೊಪ್ಪನ್ನು ಪಕ್ಕಕ್ಕೆ ಸರಿಸಿ, “ದೋಸೆ ಚೆನ್ನಾಗಿದೆ, ಇದನ್ನು ತಂಬುಳಿಗೆ ಇಡು” ಎಂದಿದ್ದರು. ಶ್ರಾವಣದ ಹೊತ್ತಿಗೆ ಕಾಮಕಸ್ತೂರಿಯನ್ನು ತಾವೇ ಕೊಯ್ದು ತರತೊಡಗಿದರು.

ಅಕ್ಕಿ ಹಾಳೆಯ ವಿಷಯದಲ್ಲಿ ತರಗತಿ ಕಲಿಸಿದ್ದು ಒಂದೇ ಮಾತು, ಆದರೆ ಅದಕ್ಕೆ ನಾನು ಕೃತಜ್ಞಳು: ನೆನೆಸಬೇಡಿ, ತೇವ ಮಾಡಿ. ಸಾಮಾನ್ಯ ನೀರಿನಲ್ಲಿ ಒಮ್ಮೆ ಆಡಿಸಿ, ಇನ್ನೂ ಬಿರುಸಾಗಿರುವಾಗಲೇ ಹಲಗೆಗೆ ತಂದರೆ ತುಂಬುವುದರೊಳಗೆ ತಾನೇ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಬಿಟ್ಟರೆ ಕೈಗೆ ಅಂಟಿ ಮುದ್ದೆಯಾಗುತ್ತದೆ. ಊರಿಗೆ ಬಂದ ಮೇಲೆ ಎರಡು ಬಗೆಯ ಹಾಳೆ ಆನ್‌ಲೈನ್‌ನಲ್ಲಿ ತರಿಸಿದೆ. ಅಗ್ಗದ ಪೊಟ್ಟಣದಲ್ಲಿ ಮರಗೆಣಸಿನ ಪಿಷ್ಟವೇ ಮೊದಲು, ಅಕ್ಕಿ ಆಮೇಲೆ. ಆ ಹಾಳೆ ಗಾಜಿನಂತೆ ಪಾರದರ್ಶಕವಾಗಿ ಕಂಡರೂ ರಬ್ಬರಿನಂತೆ ಎಳೆಯುತ್ತದೆ. ಅಕ್ಕಿ ಮೊದಲಿರುವ ಪೊಟ್ಟಣದ ಹಾಳೆಯ ಮೇಲೆ ಬಿದಿರ ತಟ್ಟಿಯಲ್ಲಿ ಒಣಗಿಸಿದ ಗುರುತಿನ ಗೆರೆಗಳಿದ್ದವು, ಹಲ್ಲಿಗೆ ಸುಲಭವಾಗಿ ತುಂಡಾಗುತ್ತಿತ್ತು. ಕೊಳ್ಳುವಾಗ ಪೊಟ್ಟಣದ ಹಿಂದಿನ ಸಾಮಗ್ರಿಗಳ ಸಾಲನ್ನು ಓದಿ. ಮಲೆನಾಡಿನ ಮಳೆಗಾಲದಲ್ಲಿ ತೆರೆದ ಪೊಟ್ಟಣವನ್ನು ಹಪ್ಪಳದಂತೆಯೇ ಬಿಗಿಯಾದ ಡಬ್ಬಿಗೆ ಹಾಕಬೇಕು, ಇಲ್ಲವಾದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅಕ್ಕಿ ಶಾವಿಗೆಯ ಮೇಲೆ ಬಿಸಿ ಸಾರು ಹಾಕಿಕೊಂಡು ಉಣ್ಣುವ ‘ಫೋ’ ಬಗ್ಗೆ ನನಗೆ ಅಸಮಾಧಾನವಿದೆ. ಹೋಯ್ ಆನ್‌ನದೇ ಆದ ‘ಕಾವ್ ಲಾವ್’ ಎಂಬ ಶಾವಿಗೆಯನ್ನು ಕಲಿಸುವಿರಾ ಎಂದಾಗ, ಅದರ ಹಿಟ್ಟಿಗೆ ಬೂದಿಯ ತಿಳಿನೀರು ಬೇಕು, ಹಳೆಯ ಪೇಟೆಯ ಬಾ ಲೆ ಬಾವಿಯ ನೀರು ಬೇಕೆಂಬ ವಾಡಿಕೆಯಿದೆ, ಅದು ಮನೆಯಲ್ಲಿ ಆಗುವ ಕೆಲಸವಲ್ಲ ಎಂದು ಕೋ ನೇರವಾಗಿ ಹೇಳಿದರು. ಅದೇ ನೇರ ಮಾತು ಫೋ ವಿಷಯದಲ್ಲೂ ಇರಬೇಕಿತ್ತು. ಪಟ್ಟಿಯಲ್ಲಿ ಫೋ ಇತ್ತು. ಅಲ್ಲಿ ನಡೆದದ್ದು, ಮುಂಜಾನೆಯೇ ಕಾಯಿಸಿಟ್ಟಿದ್ದ ಸಾರನ್ನು ಬೆಂದ ಶಾವಿಗೆಯ ಮೇಲೆ ಸೌಟಿನಲ್ಲಿ ಹಾಕಿಕೊಂಡದ್ದು ಮಾತ್ರ. ಫೋ ಉತ್ತರದ ಹನೋಯ್, ನಾಮ್ ದಿನ್ ಸೀಮೆಯಲ್ಲಿ ಹುಟ್ಟಿದ ತಿನಿಸು, ಅದರ ಪ್ರಾಣವಿರುವುದು ಗಂಟೆಗಟ್ಟಲೆ ಸಣ್ಣಗೆ ಕುದಿಯುವ ಸಾರಿನಲ್ಲಿ. ಅರ್ಧ ದಿನದಲ್ಲಿ ಅದನ್ನು ಕಲಿಸಲಾಗದು, ಪ್ರವಾಸಿಗರು ಕೇಳುತ್ತಾರೆಂದು ಪಟ್ಟಿಗೆ ಸೇರಿಸುವುದೂ ಸರಿಯಲ್ಲ. ಸಾರಿನ ಪಾಠವನ್ನು ನಾನು ಮನೆಯಲ್ಲಿ ತಡಕಾಡಿ ಕಲಿಯಬೇಕಾಯಿತು. ಮೂಲಂಗಿ, ಕ್ಯಾರೆಟ್, ಮೆಕ್ಕೆಜೋಳದ ದಿಂಡು, ಒಣ ಅಣಬೆ ಹಾಕಿದ ನೀರಿಗೆ ಕೆಂಡದಲ್ಲಿ ಸಿಪ್ಪೆ ಕಪ್ಪಾಗುವಂತೆ ಸುಟ್ಟ ಈರುಳ್ಳಿ, ಶುಂಠಿ, ಹಾಗೂ ಬರಿಯ ಬಾಣಲೆಯಲ್ಲಿ ಹುರಿದ ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ. ಎಲ್ಲವೂ ನಮ್ಮ ಮಸಾಲೆ ಡಬ್ಬಿಯಲ್ಲಿರುವವೇ. ಆದರೆ ಒಂದನ್ನೂ ಅರೆಯಬಾರದು, ಬಟ್ಟೆಯಲ್ಲಿ ಕಟ್ಟಿ ಬಿಟ್ಟು, ವಾಸನೆ ಇಳಿದ ಮೇಲೆ ತೆಗೆದುಬಿಡಬೇಕು. ಹುರಿದದ್ದನ್ನು ರುಬ್ಬಿ ಬೆರೆಸಿದಾಗಲೇ ಸಾರಾಯಿತೆಂದು ತಿಳಿದ ನನ್ನ ಕೈಗೆ, ಬಟ್ಟಲಿನ ತಳ ಕಾಣುವಷ್ಟು ತಿಳಿಯಾದ ಸಾರಿನಲ್ಲಿ ಅಷ್ಟು ಪರಿಮಳ ನಿಲ್ಲಿಸುವುದು ಈಗಲೂ ಪ್ರತಿ ಸಲ ಸಾಧ್ಯವಾಗುತ್ತಿಲ್ಲ.

ಕೊನೆಯಲ್ಲಿ ಕೊಟ್ಟ ಮುದ್ರಿತ ಹಾಳೆಯೂ ಸಾಲದು. ‘ಸ್ವಲ್ಪ’, ‘ಹದಕ್ಕೆ’ ಎಂಬ ಮಾತುಗಳೇ ಹೆಚ್ಚು, ಅಕ್ಕಿ ಎಷ್ಟು ಹೊತ್ತು ನೆನೆಯಬೇಕೆಂಬುದೇ ಇರಲಿಲ್ಲ. ಬಾನ್ ಸೆಯೊ ಹಿಟ್ಟು ರುಬ್ಬಿ ಸಿದ್ಧವಾಗಿದ್ದುದರಿಂದ ಆ ಹಂತವನ್ನು ಯಾರೂ ನೋಡಲಿಲ್ಲ. ಹೋಗುವವರು ಹಿಂದಿನ ದಿನವೇ ಹೇಳಿ, ಹಿಟ್ಟು ತಮ್ಮೆದುರೇ ರುಬ್ಬಿಸಿಕೊಳ್ಳಲಿ, ಫೋ ಬದಲಿಗೆ ಎರಡು ಬಗೆಯ ಅದ್ದುನೀರು ಹೆಚ್ಚಿಗೆ ಕಲಿಸಿರೆಂದು ಕೇಳಲಿ, ಕೈ ಆಡುವುದನ್ನು ಚಿತ್ರೀಕರಿಸಿಕೊಳ್ಳಲು ಅನುಮತಿ ಪಡೆಯಲಿ. ನಮಗೆ ಅವರು ಸಂತೋಷದಿಂದಲೇ ಒಪ್ಪಿದ್ದರು. ಸಾಧ್ಯವಾದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನವನ್ನೇ ಆರಿಸಿಕೊಳ್ಳಿ. ಮನೆಮಂದಿಯೆಲ್ಲ ಚಾಯ್ ಉಣ್ಣುವ ದಿನ ಸಸ್ಯಾಹಾರಿಗೆ ಸಿಗುವ ಪಾಠ ಉಳಿದ ದಿನಗಳಲ್ಲಿ ಸಿಗಲಾರದು. 2,700 ರೂಪಾಯಿಗೆ ನನಗೆ ದಕ್ಕಿದ್ದು ವಾರಕ್ಕೊಮ್ಮೆ ಮನೆಯಲ್ಲಿ ತಪ್ಪದೆ ಆಗುವ ಮೂರು ಅಡುಗೆಗಳು, ಬಾನ್ ಸೆಯೊ, ಬಾಳೆಹೂವಿನ ಸಲಾಡ್, ಹಸಿ ಸೊಪ್ಪಿನ ಸುರುಳಿ. ಜೊತೆಗೆ, ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿ ಪಕ್ಕದಲ್ಲಿ ಸದಾ ನಿಂತಿರುವ ಅನಾನಸ್ ರಸದ ಒಂದು ಶೀಶೆ. ಈ ಹುಣ್ಣಿಮೆಗೆ ಗೆಳತಿ ಮತ್ತೆ ಬರುವವಳಿದ್ದಾಳೆ. ಅವಳ ಮೀನಿನ ರಸಕ್ಕೆ ಬೇರೆ ಮುಚ್ಚಳದ, ಬೇರೆ ಬಣ್ಣದ ಶೀಶೆಯನ್ನು ಆಗಲೇ ತೆಗೆದಿಟ್ಟಿದ್ದೇನೆ.